ಕವಾಯತಿನ ಬಿಳಿಯ ಬೂಟು

ಸ್ಮರಣ ಸಂಚಿಕೆಯೊಂದರಲ್ಲಿ ಬೂಟಿನ ವಿಷಯವಾಗಿ ಬರೆಯುವುದು ಕೆಲವರಿಗೆ ಹಗುರಾದ ಕೆಲಸವೆಂದು ತೋರೀತು. ಆದರೆ ನಮ್ಮೊಡನೆ ಕಲಿತ ಸಹೋದರಿಯರು ಹಾಗೆ ಎಣಿಸಲಾರರು. ಕವಾಯತಿನ ಹಿಂದಿನ ಸಾಯಂಕಾಲ ಹಿತ್ತಲಲ್ಲಿ ಕುಳಿತು ಬೂಟು ತೊಳೆದುದು, ಒಣಗಿದ ಮೇಲೆ ಖಡುವನ್ನು ತೇಯ್ದು ಬಳಿದುದು, ಬೆಳಿಗ್ಗೆ ಆ ಬಿಳಿಯ ಪುಡಿಯು ಕಾಲುಚೀಲಕ್ಕೂ ಲಂಗಕ್ಕೂ ಹತ್ತಿದುದು ಯಾರಿಗೆ ಮರೆತೀತು? ಪಾಲಕರಾದ ತಾವೂ ಜೂನ್ ತಿಂಗಳು ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಅಂಗಡಿಯ ಮೆಟ್ಟಿಲನ್ನು ಹತ್ತಿಯೇ ಇದ್ದೀರಿ. ಆದುದರಿಂದ ಈ ಬಡ ಬೂಟು ಎಲ್ಲಿ ಹುಟ್ಟಿತು, ಹೇಗೆ ನಮ್ಮ ಕಾಲಿಗೆ ಬಂತು ಎಂಬುದನ್ನು ತಿಳಿದಷ್ಟು ಹೇಳುವೆವು.

ನಮ್ಮಲ್ಲಿ ಬಹುಜನರು ಬಾಟಾ ಎಂಬುದು ಈ ದೇಶದ ಹೆಸರೇ ಎಂದು ತಿಳಿದಿರುವರು. ವಾಸ್ತವದಲ್ಲಿ ಅದು ಮಧ್ಯ ಯೂರೋಪಿನ ಚಮ್ಮಾರ ಮನೆತನವೊಂದರ ಅಡ್ಡಹೆಸರು. ಈಗ ಚೆಕ್ ದೇಶದಲ್ಲಿರುವ ಝ್ಲೀನ್ ಎಂಬ ಊರಿನಲ್ಲಿ 1894ರಲ್ಲಿ ತೊಮಾಶ್ ಬಾಟಾ, ಅವನ ಅಣ್ಣ ಆಂಟೊನಿನ್, ಅಕ್ಕ ಆನಾ ಈ ಮೂವರು ಕೂಡಿ ಪಾದರಕ್ಷೆಗಳ ಉದ್ಯೋಗವನ್ನು ಆರಂಭಿಸಿದರು. ವರ್ಷ ತುಂಬುವುದರೊಳಗಾಗಿ ಸಾಲವು ಮೈಮೇಲೆ ಬಂತು. ತೊಗಲನ್ನು ಕೊಳ್ಳುವುದಕ್ಕೆ ಹಣವು ಉಳಿಯಲಿಲ್ಲ. ಆಗ ತೊಮಾಶನು ತೊಗಲಿನ ಬದಲಾಗಿ ಕ್ಯಾನ್ವಾಸ್ ಬಟ್ಟೆಯಿಂದಲೇ ಜೋಡು ಹೊಲಿದನು. ಹಗುರವೂ ಸೋವಿಯೂ ಆದ ಆ ಜೋಡನ್ನು ಜನರು ಮೆಚ್ಚಿಕೊಂಡರು. ಮುಳುಗುತ್ತಿದ್ದ ಮನೆಯು ಎದ್ದುನಿಂತಿತು. ಬಟ್ಟೆಯ ಬೂಟು ಶೋಕಿಗಾಗಿ ಹುಟ್ಟಿದ್ದಲ್ಲ, ಕೈಯಲ್ಲಿ ಕಾಸಿಲ್ಲದುದರಿಂದ ಹುಟ್ಟಿತು ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಬಟ್ಟೆಯ ಮೇಲ್ಭಾಗಕ್ಕೆ ರಬ್ಬರಿನ ಅಟ್ಟೆ ಕೂಡುವುದಕ್ಕೆ ಬೇರೊಂದು ವಿದ್ಯೆಯು ಬೇಕಾಗಿತ್ತು. ಹಸಿಯ ರಬ್ಬರು ಬಿಸಿಲಿಗೆ ಅಂಟಾಗುವುದು, ಚಳಿಗೆ ಬಿರುಸಾಗುವುದು. ಅದರಲ್ಲಿ ಗಂಧಕವನ್ನು ಬೆರೆಸಿ ಕಾಯಿಸಿದರೆ ಆ ದೋಷವು ಹೋಗಿ ಅದು ಗಟ್ಟಿಯೂ ಪುಟಿಯುವಂಥದೂ ಆಗುವುದೆಂದು ಅಮೇರಿಕದ ಚಾರ್ಲ್ಸ್ ಗುಡ್‌ಇಯರನು ಕಂಡುಹಿಡಿದು 1844ರಲ್ಲಿ ಹಕ್ಕುಪತ್ರವನ್ನು ಪಡೆದನು. ಬಟ್ಟೆಯನ್ನು ಪಾದದಾಕಾರದ ಅಚ್ಚಿನ ಮೇಲೆ ಎಳೆದು, ಕೆಳಗೆ ಅಟ್ಟೆಯನ್ನು ಹಚ್ಚಿ, ಸುತ್ತಲೂ ರಬ್ಬರಿನ ಪಟ್ಟಿಯನ್ನು ಸುತ್ತಿ, ಬೂಟನ್ನು ಇಡಿಯಾಗಿ ಭಟ್ಟಿಯಲ್ಲಿ ಬೇಯಿಸುವರು. ರೊಟ್ಟಿಯಂತೆ ಬೆಂದ ಮೇಲೆ ಅಟ್ಟೆಯೂ ಬಟ್ಟೆಯೂ ಒಂದಾಗುವವು. ನಡೆಯುವಾಗ ಸದ್ದಾಗದ ಈ ಬೂಟಿಗೆ ಅಮೇರಿಕದವರು ಸ್ನೀಕರ್ ಎಂದರು. ಸದ್ದಿಲ್ಲದೆ ನುಸುಳುವಂಥದು ಎಂದು ಅದರ ಅರ್ಥ. ಅಕ್ಕೋರು ಕವಾಯತಿನ ಬೂಟು ಮೆಟ್ಟಿಕೊಂಡ ದಿನ ವರ್ಗದ ಬಾಗಿಲಿಗೆ ಬಂದುದು ನಮಗೆ ತಿಳಿಯುತ್ತಲೇ ಇರಲಿಲ್ಲವಾದುದರಿಂದ ಈ ಹೆಸರಿನ ಔಚಿತ್ಯವನ್ನು ನಾವು ಅನುಭವದಿಂದ ಒಪ್ಪುವೆವು.

ಬಾಟಾ ಕಂಪನಿಯು ಈ ದೇಶದಲ್ಲಿ 1931ರಲ್ಲಿ ಸ್ಥಾಪನೆಯಾಗಿ, ಕಲಕತ್ತೆಯ ಸಮೀಪದ ಕೊನ್ನಗರದಲ್ಲಿ ಕಾಲೂರಿತು. 1932ರಲ್ಲಿ ತೊಮಾಶನು ವಿಮಾನದ ಅಪಘಾತದಲ್ಲಿ ತೀರಿಕೊಂಡನು. ಆದರೂ ಕೆಲಸವು ನಿಲ್ಲಲಿಲ್ಲ. 1934ರಲ್ಲಿ ಹೂಗ್ಲಿ ನದಿಯ ದಂಡೆಯಲ್ಲಿ ಹೊಸ ಕಾರಖಾನೆಗೆ ಅಡಿಗಲ್ಲು ಬಿದ್ದು, ಅದರ ಸುತ್ತಲೂ ಬಾಟಾನಗರವೆಂಬ ಊರೇ ಬೆಳೆಯಿತು. ಶಾಲೆಯ ಮಕ್ಕಳ ವ್ಯಾಯಾಮಕ್ಕೆಂದು ರೂಪಿಸಿದ ಟೆನಿಸ್ ಬೂಟು ಈ ದೇಶದಲ್ಲಿ 1936ರಲ್ಲಿ ಹೊರಬಿತ್ತು. ಅದನ್ನು ಮೆಟ್ಟಿದವರಲ್ಲಿ ಟೆನಿಸ್ ಆಟವನ್ನು ಕಣ್ಣಿನಿಂದ ಕಂಡವರು ಎಷ್ಟು ಜನರೋ! ಹೆಸರು ಟೆನಿಸಿನದಾದರೂ ಅದು ಓಡಿದ್ದು ಖೋ ಖೋ ಅಂಗಳದಲ್ಲಿ.

ಬೆಳಗಾವಿಯ ಸೀಮೆಗೆ ಪಾದರಕ್ಷೆಯು ಹೊಸತಲ್ಲ. ಕೊಲ್ಹಾಪುರಿ ಚಪ್ಪಲಿಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಈ ನಾಲ್ಕು ಜಿಲ್ಲೆಗಳ ಹೆಸರೂ ಅದರಲ್ಲಿ ಸೇರಿತು. ಅಥಣಿಯ ಕುಶಲಿಗರು ತೊಗಲನ್ನು ಹದಮಾಡಿ ಹೊಲಿದ ಕಾಲ್ಮರಿಗೆ ಬಟ್ಟೆಯ ಬೂಟು ಸಮನಾಗದು. ಆದರೆ ಕಾಲ್ಮರಿಯನ್ನು ಮೆಟ್ಟಿ ಓಡಲಾಗದು, ಹಗ್ಗ ಜಿಗಿಯಲಾಗದು. ಮಳೆಯಲ್ಲಿ ನೆನೆದ ತೊಗಲು ಕೆಡುವುದು. ಬಟ್ಟೆಯ ಬೂಟಾದರೋ ನೆನೆದರೆ ಒಣಗುವುದು, ಕೊಳೆಯಾದರೆ ತೊಳೆದೀತು, ಬೆಲೆಯೂ ಕೈಗೆಟಕುವಂಥದು. ರೂಪಾಯಿಗಳ ಕೊನೆಯಲ್ಲಿ ತೊಂಬತ್ತೈದೋ ತೊಂಬತ್ತೊಂಬತ್ತೋ ಪೈಸೆಯನ್ನು ಬರೆಯುವ ಬಾಟಾ ದರವನ್ನು ಕಂಡು ನಮ್ಮ ತಾಯಂದಿರು ನಗುತ್ತಿದ್ದರು, ನಕ್ಕರೂ ಕೊಳ್ಳುತ್ತಿದ್ದರು. ಎರಡು ಬೆರಳು ದೊಡ್ಡದನ್ನೇ ಕೊಂಡು, ತುದಿಯಲ್ಲಿ ಕಾಗದವನ್ನು ತುರುಕಿ, ಒಂದೇ ಜೊತೆಯನ್ನು ಎರಡು ವರ್ಷ ನಡೆಸುವುದು ಎಲ್ಲ ಮನೆಗಳ ಪದ್ಧತಿಯಾಗಿತ್ತು.

ಇನ್ನು ನಾವು ಬಹುದಿನ ಹೇಳದೆ ಉಳಿಸಿಕೊಂಡ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಮ್ಮ ವರ್ಗದಲ್ಲಿ ಖಾನಾಪುರದ ಕಡೆಯಿಂದ ಬೆಳಗಿನ ಗಾಡಿಗೆ ಬರುತ್ತಿದ್ದ ಒಬ್ಬ ಹುಡುಗಿಯಿದ್ದಳು. ಮಲಪ್ರಭೆಯು ಹುಟ್ಟುವ ಕಣಕುಂಬಿಯು ಆ ತಾಲೂಕಿನದೇ. ಅಲ್ಲಿಯ ಮಳೆಯ ವಿಷಯವನ್ನು ಬೇರೆ ಹೇಳಬೇಕಾದುದಿಲ್ಲ. ಅಲ್ಲಿಯ ಮಣ್ಣೂ ಕೆಂಪು. ಗಡಿಗೆಗೂ ಹಂಚಿಗೂ ಹೆಸರಾದ ಮಣ್ಣು. ಒಂದು ಶ್ರಾವಣದಲ್ಲಿ ಆಕೆಯ ಬೂಟು ಕೆಂಪಾಗಿತ್ತೆಂದು ಆಕೆಯನ್ನು ಕವಾಯತಿನ ಸಾಲಿನಿಂದ ಹೊರಗೆ ನಿಲ್ಲಿಸಲಾಯಿತು. ಮರುವಾರ ಆಕೆಯು ಆರದ ಕೆಸರಿನ ಮೇಲೆಯೇ ಖಡು ಬಳಿದುಕೊಂಡು ಬಂದಳು. ಕೆಂಪು ಬಿಳಿಗಳು ಕೂಡಿ ಬೂಟು ಗುಲಾಬಿ ಬಣ್ಣಕ್ಕೆ ತಿರುಗಿತು. ನಾವು ಆಕೆಗೆ ಗುಲಾಬಿಯೆಂದು ಹೆಸರಿಟ್ಟೆವು, ವರ್ಷವಿಡೀ ಹಾಗೆಯೇ ಕರೆದೆವು. ಆಕೆಯು ಬೂಟನ್ನು ಚೀಲದಲ್ಲಿ ಕಟ್ಟಿಕೊಂಡು, ಬರಿಗಾಲಿನಲ್ಲಿ ಕೆಸರು ತುಳಿದು ಸ್ಟೇಶನ್ನಿಗೆ ಬರುತ್ತಿದ್ದಳೆಂಬುದೂ, ಆ ಬೂಟು ಅಕ್ಕನದೆಂಬುದೂ, ವಾರದಲ್ಲಿ ಮೂರು ದಿನ ಅಕ್ಕನೇ ಅದನ್ನು ಮೆಟ್ಟಿಕೊಂಡು ಬೇರೆ ಶಾಲೆಗೆ ಹೋಗುತ್ತಿದ್ದಳೆಂಬುದೂ ನಮಗೆ ತಿಳಿದದ್ದು ಆಕೆಯು ಶಾಲೆಯನ್ನು ಬಿಟ್ಟ ಮೇಲೆ. ಬಡತನದಿಂದಲೇ ಹುಟ್ಟಿದ ಬೂಟನ್ನು ಬಡವಳೊಬ್ಬಳನ್ನು ನಗುವುದಕ್ಕೆ ನಾವು ಉಪಯೋಗಿಸಿದೆವು.

ಆಕೆಗೆ ಆಗ ಯಾರೂ ಹೇಳದಿದ್ದುದನ್ನು ಇಲ್ಲಿ ಬರೆಯುವೆವು. ಇಂದಿನ ಮಕ್ಕಳಿಗಾದರೂ ಉಪಯೋಗವಾದೀತು. ಖಾನಾಪುರದ ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನಿಂದ ಬಂದುದು. ಹಸಿಯಿರುವಾಗ ತಿಕ್ಕಿದರೆ ಅದು ನೂಲಿನೊಳಕ್ಕೆ ಇಳಿಯುವುದು. ಆದಕಾರಣ ಮೊದಲು ಕೆಸರನ್ನು ಪೂರ್ಣ ಒಣಗಿಸಿ ಜಾಡಿಸಬೇಕು. ಬಳಿಕ ತಣ್ಣೀರಿನಲ್ಲಿ ಸಾಬೂನಿನಿಂದ ತೊಳೆಯಬೇಕು. ಉಳಿದ ಕಲೆಗೆ ಲಿಂಬೆಯ ರಸವನ್ನು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು. ಸಾಬೂನು ಉಳಿದರೆ ಬಟ್ಟೆಯು ಹಳದಿಯಾಗುವುದರಿಂದ ಎರಡು ಮೂರು ಸಲ ನೀರಿನಲ್ಲಿ ಜಾಲಿಸತಕ್ಕದ್ದು. ಬಿಸಿಲಿಗೆ ರಬ್ಬರು ಬಿರಿಯುವುದು; ನೆರಳಿನಲ್ಲಿ ಗಾಳಿಗೆ ಒಣಗಿಸುವುದು ಲೇಸು.

ಬೂಟು ಬರಿಯ ಅಂದದ ಮಾತಲ್ಲ. ತೇವವಾದ ನೆಲದಲ್ಲಿರುವ ಕೊಕ್ಕೆಹುಳದ ಮರಿಗಳು ಬರಿಗಾಲಿನ ಚರ್ಮವನ್ನು ಕೊರೆದು ಮೈಯನ್ನು ಸೇರಿ ಮಕ್ಕಳ ರಕ್ತವನ್ನು ಹೀರುವವು. ಮಳೆಯ ನಾಡಿನ ಮಗುವಿಗೆ ಪಾದರಕ್ಷೆಯೆಂದರೆ ಆರೋಗ್ಯ. ನಮ್ಮ ಸರಕಾರವು ಸರಕಾರಿ ಶಾಲೆಗಳ ಮಕ್ಕಳಿಗೆ ಬೂಟು ಕಾಲುಚೀಲಗಳನ್ನು ಕೊಡುವ ಯೋಜನೆಯನ್ನು ಮಾಡಿದುದು ಮೆಚ್ಚತಕ್ಕ ಸಂಗತಿ. ಆದರೆ ಕವಾಯತಿನ ಬಿಳಿಯ ಬೂಟನ್ನು ಬೇರೆ ಕೇಳುವ ಶಾಲೆಗಳಲ್ಲಿ ಆ ಭಾರವು ಪಾಲಕರ ಮೇಲೆಯೇ ಬೀಳುವುದು.

ಆದುದರಿಂದ ನಮ್ಮದೊಂದು ಬಿನ್ನಹವುಂಟು. ಮಕ್ಕಳ ಪಾದವು ಬೂಟಿಗಿಂತ ಬೇಗ ಬೆಳೆಯುವುದು; ಎಷ್ಟೋ ಮನೆಗಳಲ್ಲಿ ಸವೆಯದ ಬೂಟುಗಳು ಮಂಚದ ಕೆಳಗೆ ಬಿದ್ದಿರುವವು. ಅವನ್ನು ತೊಳೆದು, ಲೇಸು ಪೋಣಿಸಿ, ಅಳತೆಯನ್ನು ಬರೆದು ಶಾಲೆಗೆ ತಂದುಕೊಡಿರಿ. ಒಂದು ಕಪಾಟು ಸಾಕು. ಯಾರು ಇಟ್ಟರೆಂದಾಗಲಿ ಯಾರು ಒಯ್ದರೆಂದಾಗಲಿ ಪುಸ್ತಕದಲ್ಲಿ ಬರೆಯಬಾರದು, ಕೀಲಿಯನ್ನೂ ಹಾಕಬಾರದು. ಮಳೆಗಾಲದಲ್ಲಿ ಬೂಟಿನ ಬಣ್ಣವನ್ನು ನೋಡಿ ಯಾವ ಹುಡುಗಿಯನ್ನೂ ಸಾಲಿನಿಂದ ಹೊರಗೆ ನಿಲ್ಲಿಸಬಾರದೆಂಬ ಒಂದು ನಿಯಮವೂ ಇದರೊಡನೆ ಆಗಲಿ. ಮೊದಲನೆಯ ಮೂರು ಜೊತೆಗಳನ್ನು ನಾವು ಈ ಸಂಚಿಕೆಯೊಡನೆಯೇ ಕಳಿಸಿರುವೆವು.

ಗುಲಾಬಿಯೆಂದು ನಾವು ಕರೆದ ಸಹೋದರಿಯು ಈ ಪುಟವನ್ನು ಓದುವಳೋ ಇಲ್ಲವೋ ಅರಿಯೆವು. ಓದಿದರೆ, ಆಕೆಯ ನಿಜವಾದ ಹೆಸರು ನಮಗೆ ಚೆನ್ನಾಗಿ ನೆನಪಿದೆಯೆಂದು ಆಕೆಯು ತಿಳಿಯಲಿ.