ಸೊನ್ನೆ ಬಡ್ಡಿಯ ಊರಿಗೆ ರೆಪೊ ದರ

2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಮನೆಸಾಲ ತೀರಿಸುವವರಿಗೆ ಅದರ ಬಿಸಿ ಬೇಗನೆ ತಟ್ಟಿತು. ಸವದತ್ತಿ ಸೀಮೆಯ ಮುರಗೋಡದಂಥ ಊರಿನಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ (ಪಿಕೆಪಿಎಸ್) ಕೊಡುವ ಬೆಳೆಸಾಲದ ಮಾತೇ ಬೇರೆ. ಅವಧಿಯೊಳಗೆ ತೀರಿಸಿದರೆ ಅದಕ್ಕೆ ಬಡ್ಡಿ ಸೊನ್ನೆ. 2023ರ ರಾಜ್ಯ ಬಜೆಟ್ ಈ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಹೆಚ್ಚಿಸಿತು. ಮುಂಬೈ ಸಾಲವನ್ನು ತುಟ್ಟಿ ಮಾಡುತ್ತಿದ್ದ ವರ್ಷವೇ ಬೆಂಗಳೂರು ಪುಕ್ಕಟೆ ಸಾಲವನ್ನು ಹಿಗ್ಗಿಸಿತು. ರೈತನಿಗೆ ಅಗ್ಗದ ಸಾಲ ಬೇಡವೆಂದು ನನ್ನ ವಾದವಲ್ಲ. ಬಡ್ಡಿಯ ಹಗ್ಗ ಇಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಹಾಗಾಗಿ ಹಣದುಬ್ಬರ ಇಳಿಸುವ ಹೊರೆ ಬೇರೊಂದು ದಾರಿಯಿಂದ, ಬೆಳೆಯ ದರದ ಮೂಲಕ, ಈ ಹೊಲಗಳ ಮೇಲೆ ಬೀಳುತ್ತದೆ.

ಹಣಕಾಸು ನೀತಿಯ ಮಾದರಿಗಳಲ್ಲಿ ಬರುವ ಕುಟುಂಬ ಬಹಳ ಲೆಕ್ಕಾಚಾರದ್ದು. ಬಡ್ಡಿ ಏರಿದರೆ ಇಂದಿನ ಖರ್ಚನ್ನು ನಾಳೆಗೆ ಮುಂದೂಡುತ್ತದೆ, ಬೇಡಿಕೆ ಕುಗ್ಗುತ್ತದೆ, ಬೆಲೆ ತಣಿಯುತ್ತದೆ. ಎರೆ ಹೊಲದ ಕುಟುಂಬಕ್ಕೂ ನಾಳೆಯ ಚಿಂತೆ ಇಲ್ಲದಿಲ್ಲ. ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದುದು ಇಂದಿನದನ್ನು ನಾಳೆಗೆ ದಾಟಿಸುವ ಕೆಲಸವೇ. ಆದರೆ ಎಷ್ಟು ತುಂಬಬೇಕೆಂಬುದನ್ನು ಹೇಳುತ್ತಿದ್ದುದು ಮಳೆ, ಬಡ್ಡಿಯಲ್ಲ. ಈಗಲೂ ಅಷ್ಟೆ: 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ, ಹಳ್ಳಿಯ ಖರ್ಚಿಗೆ ಕಡಿವಾಣ ಹಾಕಲು ರೆಪೊ ದರ ಬೇಕಿರಲಿಲ್ಲ.

ಅದೇ ವರ್ಷದ ಜುಲೈನಲ್ಲಿ ಟೊಮೆಟೊ ದರ ಮುಗಿಲಿಗೇರಿ ಚಿಲ್ಲರೆ ಹಣದುಬ್ಬರ ಶೇ 7.44 ಮುಟ್ಟಿತು. 2012ನ್ನು ಆಧಾರವಾಗಿಟ್ಟ ಆಗಿನ ಸೂಚ್ಯಂಕದಲ್ಲಿ ಆಹಾರ, ಪಾನೀಯಗಳ ತೂಕ ಶೇ 45.86. ಇಷ್ಟು ಭಾರದ ವಸ್ತು ಬಡ್ಡಿಯ ಮಾತು ಕೇಳದಿದ್ದಾಗ ಸರಕಾರ ಸುಮ್ಮನಿರುವುದಿಲ್ಲ. 2022ರ ಮೇನಲ್ಲಿ ಗೋದಿಯ ರಫ್ತು ನಿಂತಿತು, 2023ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿಯದು. ಅದೇ ಡಿಸೆಂಬರಿನಲ್ಲಿ ಹಳದಿ ಬಟಾಣಿಯ ಆಮದು ಸುಂಕ ತೆಗೆದರು, 2024ರ ಮೇನಲ್ಲಿ ಕಡಲೆಯದನ್ನೂ. ಬಟಾಣಿ ಹಿಟ್ಟು ಕಡಲೆ ಹಿಟ್ಟಿನ ಜಾಗದಲ್ಲಿ ಸಲೀಸಾಗಿ ಕೂರುತ್ತದೆ. ಆದ್ದರಿಂದ ಬಂದರಿಗೆ ಬಂದ ಬಟಾಣಿ ಹಿಂಗಾರಿ ಕಡಲೆ ಬೆಳೆದವನ ದರವನ್ನು ಒತ್ತುತ್ತದೆ. ಬೆಲೆ ಇಳಿಸುವ ಈ ಕೆಲಸಕ್ಕೆ ಹಣಕಾಸು ನೀತಿಯೆಂಬ ಹೆಸರಿಲ್ಲ, ರೆಪೊ ದರ ನಿಗದಿಪಡಿಸುವ ಆರು ಸದಸ್ಯರ ಸಮಿತಿ ಅದರ ಮೇಲೆ ಮತ ಹಾಕುವುದೂ ಇಲ್ಲ.

ಹಳ್ಳಿಯವರು ಬಂಗಾರ ಅಡವಿಡುವುದಿಲ್ಲವೇ, ಟ್ರ್ಯಾಕ್ಟರ್ ಸಾಲ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುತ್ತಾರೆ, ಅಲ್ಲಿ ಬಡ್ಡಿ ತಟ್ಟುತ್ತದೆ. ಆದರೆ ಮೈಕ್ರೊಫೈನಾನ್ಸಿನ ಶೇ 20 ಮೀರಿದ ಬಡ್ಡಿಯ ಎದುರು ರೆಪೊ ದರದ ಕಾಲು ಶೇಕಡ ಕಣ್ಣಿಗೂ ಬೀಳದು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಆಹಾರ ಬಡ್ಡಿಗೆ ಬಗ್ಗದಿದ್ದರೆ ಅದನ್ನು ಹಣದುಬ್ಬರದ ಗುರಿಯಿಂದಲೇ ತೆಗೆದುಬಿಡಿ. 2023–24ರ ಆರ್ಥಿಕ ಸಮೀಕ್ಷೆ ಹೆಚ್ಚುಕಡಿಮೆ ಇದನ್ನೇ ಸೂಚಿಸಿತ್ತು. ಆದರೆ 2022–23ರ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯ ಮನೆಗಳ ಖರ್ಚಿನಲ್ಲಿ ಶೇ 46ರಷ್ಟು ಊಟಕ್ಕೇ ಹೋಗುತ್ತದೆ. ಅದನ್ನು ಬಿಟ್ಟ ಗುರಿಯನ್ನು ಜನ ನಂಬುವುದು ಕಷ್ಟ. ಗುರಿ ಬದಲಾದರೂ ಚುನಾವಣೆಗೆ ಹೆದರುವ ಸರಕಾರ ರಫ್ತಿನ ಬಾಗಿಲು ಮುಚ್ಚುವುದನ್ನು ಬಿಡುವುದಿಲ್ಲ. ರಿಸರ್ವ್ ಬ್ಯಾಂಕಿನ ಮಾದರಿ ಆಹಾರದ ಬೆಲೆಯನ್ನು ಬೇರೆಯಾಗಿ ಲೆಕ್ಕಿಸುತ್ತದೆ, ಸರಿ. ಆ ಬೆಲೆ ಇಳಿದಾಗ ಯಾರ ಆದಾಯ ಎಷ್ಟು ಇಳಿಯಿತೆಂಬುದೂ ಅದರ ಪಕ್ಕದಲ್ಲೇ ಅಚ್ಚಾಗಬೇಕು.

2025ರ ಅಕ್ಟೋಬರಿನಲ್ಲಿ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. ಜಿಎಸ್‌ಟಿ ಕಡಿತದ ಪಾಲೂ ಅದರಲ್ಲಿತ್ತು, ಆದರೆ ಆಹಾರದ ಬೆಲೆಯೇ ಹಿಂದಿನ ವರ್ಷಕ್ಕಿಂತ ಶೇ 5ರಷ್ಟು ಕುಸಿದಿತ್ತು. ಡಿಸೆಂಬರಿನಲ್ಲಿ ರೆಪೊ ದರ ಶೇ 5.25ಕ್ಕೆ ಬಂತು, ಮನೆಸಾಲದವರು ಹಗುರಾದರು. ಸೊಸೈಟಿಯ ಬೆಳೆಸಾಲದ ಬಡ್ಡಿಗೆ ಮಾತ್ರ ಸೊನ್ನೆಯಿಂದ ಕೆಳಗೆ ಇಳಿಯಲು ಜಾಗವಿರಲಿಲ್ಲ.