ಮೆಂತ್ಯ ನೀರು ಕುಡೀರಿ, ಮಾತ್ರೆ ಮಾತ್ರ ಬಿಡಬೇಡಿ

ಮೂರು ತಿಂಗಳ ಹಿಂದೆ ಅಪ್ಪನ ರಕ್ತಪರೀಕ್ಷೆಯ ರಿಪೋರ್ಟ್ ಫೋನಿಗೆ ಬಂದಾಗ ನಾನು ಆಫೀಸ್ ಮೀಟಿಂಗ್‌ನಲ್ಲಿದ್ದೆ. ಕೆಟ್ಟ ಕೊಲೆಸ್ಟ್ರಾಲ್, ಅಂದ್ರೆ ಎಲ್‌ಡಿಎಲ್, 141! ಕಳೆದ ಸಲ 66 ಇತ್ತು. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು ಅವರು. ನನ್ನ ಎದೆ ಧಸಕ್ಕೆಂದಿತು.

ಶನಿವಾರವೇ ಮೈಸೂರಿಗೆ ಹೋದೆ. ಅಡುಗೆಮನೆ ಕಟ್ಟೆಯ ಮೇಲೆ ಮೆಂತ್ಯ ನೆನೆಸಿದ ಲೋಟ, ಸುಲಿದ ಬೆಳ್ಳುಳ್ಳಿ, ಹೊಳೆಮತ್ತಿ ತೊಗಟೆಯ ಪುಡಿ. “ಮಾತ್ರೆ ಎಲ್ಲಪ್ಪಾ?” ಅಂದೆ. “ಇವೆಲ್ಲ ಇದ್ಮೇಲೆ ಅದ್ಯಾಕಮ್ಮ? ವಾಟ್ಸಾಪ್‌ನಲ್ಲಿ ಬಂದಿತ್ತು” ಅಂದ್ರು. ಮಾತ್ರೆ ಬಿಟ್ಟು ಎರಡು ತಿಂಗಳಾಗಿತ್ತು!

ಡಾಕ್ಟರು ಬೈಯಲಿಲ್ಲ. ಮೆಂತ್ಯ ನಿಜಕ್ಕೂ ಒಳ್ಳೇದೇ ಅಂದ್ರು. ನೆನೆಸಿದಾಗ ಲೋಳೆಯಾಗುತ್ತಲ್ಲ, ಅದೇ ಕರಗುವ ನಾರು. ಅದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ಓಟ್ಸ್, ಬಾರ್ಲಿ, ಇಸಬ್‌ಗೋಲ್ ಮಾಡುವುದೂ ಇದನ್ನೇ.

ಆದರೆ ಲೆಕ್ಕ ನೋಡಿ. ದಿನಕ್ಕೆ 5ರಿಂದ 10 ಗ್ರಾಂ ಕರಗುವ ನಾರು ತಿಂದರೆ ಎಲ್‌ಡಿಎಲ್ ಇಳಿಯುವುದು ಸುಮಾರು ಶೇ. 5ರಷ್ಟು. ಸ್ಟ್ಯಾಟಿನ್ ಮಾತ್ರೆ ಯಕೃತ್ತು ಕೊಲೆಸ್ಟ್ರಾಲ್ ತಯಾರಿಸುವುದನ್ನೇ ತಗ್ಗಿಸುತ್ತದೆ, ಅದರಿಂದ ಶೇ. 30ರಿಂದ 50ರಷ್ಟು ಇಳಿಯುತ್ತದೆ. ಇನ್ನು ಕಾವೇರಿ ದಂಡೆಯಲ್ಲಿ ಕಾಣುವ ಹೊಳೆಮತ್ತಿ, ಅದೇ ಅರ್ಜುನ ಮರ. ಆಯುರ್ವೇದದಲ್ಲಿ ಅದರ ತೊಗಟೆಯನ್ನು ಹೃದಯಕ್ಕೆಂದು ಬಹುಕಾಲದಿಂದ ಬಳಸುತ್ತಾರೆ, ಸರಿ. ಮಾತ್ರೆಯ ಜಾಗದಲ್ಲಿ ಅದೊಂದೇ ಸಾಕು ಅನ್ನೋದಕ್ಕೆ ಮಾತ್ರ ಪುರಾವೆ ಇಲ್ಲ.

ನಾನು ಕಲಿತ ನಾಲ್ಕು ಮಾತು:

• ಒಗ್ಗರಣೆಯ ಬೆಳ್ಳುಳ್ಳಿಗೆ ಹೆದರಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಬೆಳ್ಳುಳ್ಳಿ ಕ್ಯಾಪ್ಸೂಲ್ ನುಂಗಬೇಕಾದರೆ ಡಾಕ್ಟರನ್ನು ಕೇಳಿ. ರಕ್ತಸ್ರಾವದ ಅಪಾಯ ಹೆಚ್ಚಬಹುದು.
• ಮೆಂತ್ಯ ಸಕ್ಕರೆ ಅಂಶವನ್ನೂ ಇಳಿಸುತ್ತದೆ. ಮಧುಮೇಹದ ಮಾತ್ರೆ ನುಂಗುವವರು ಎಚ್ಚರ.
• ನಾರಿನ ಪುಡಿ ಮತ್ತು ಮಾತ್ರೆಯ ನಡುವೆ ಎರಡು ಗಂಟೆ ಅಂತರವಿರಲಿ.
• ಮಾತ್ರೆಯಿಂದ ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ. ಡೋಸ್ ಅಥವಾ ಮಾತ್ರೆಯನ್ನೇ ಬದಲಿಸಬಹುದು. ಸುಮ್ಮನೆ ನಿಲ್ಲಿಸಬೇಡಿ.

ಅಪ್ಪ ಈಗ ಬೆಳಿಗ್ಗೆ ಮೆಂತ್ಯ ನೀರು ಕುಡಿಯುತ್ತಾರೆ, ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋಗ್ತಾರೆ, ರಾತ್ರಿ ತಪ್ಪದೆ ಮಾತ್ರೆ ನುಂಗುತ್ತಾರೆ. ಮೊನ್ನೆಯ ರಿಪೋರ್ಟ್‌ನಲ್ಲಿ ಎಲ್‌ಡಿಎಲ್ 69.

ನಿಮ್ಮನೆಗೂ ಇವತ್ತು ಫೋನ್ ಮಾಡಿದಾಗ “ಊಟ ಆಯ್ತಾ?” ಅಂತ ಕೇಳ್ತೀರಲ್ಲ, ಜೊತೆಗೆ “ಮಾತ್ರೆ ಆಯ್ತಾ?” ಅಂತಲೂ ಕೇಳಿ.