ಕಣಿವೆಯ ನಡಿಗೆ: ನೀರೇ ಮೊದಲ ಬುತ್ತಿ

ಚಳಿಗಾಲದ ರಜೆಯಲ್ಲಿ ದುಬೈ, ಶಾರ್ಜಾದಲ್ಲಿರುವ ನಮ್ಮವರು ಮಕ್ಕಳೊಂದಿಗೆ ರಾಸ್ ಅಲ್ ಖೈಮಾದ ವಾದಿ ಶೌಕಾದಂತಹ ಕಣಿವೆಗಳಿಗೆ ಹೋಗುವುದುಂಟು. ಊರಿನ ಕರಾವಳಿಯಲ್ಲಿ ಬೆವರು ಮೈಗೆ ಅಂಟುತ್ತದೆ. ಅಲ್ಲಿನ ಒಣಗಾಳಿಗೆ ಕೂಡಲೇ ಆರಿಹೋಗುತ್ತದೆ. ದೇಹ ನೀರು ಕಳೆದುಕೊಂಡದ್ದು ಗೊತ್ತಾಗುವುದಿಲ್ಲ. ಮಕ್ಕಳು ಕೇಳುವವರೆಗೆ ಕಾಯದೆ ಆಗಾಗ ನೀರು ಕುಡಿಸಿ. ತಲೆಸುತ್ತು ಬಂದರೆ, ಮೂತ್ರ ಕಡು ಹಳದಿಯಾದರೆ ನೆರಳಿನಲ್ಲಿ ಕೂರಿಸಿ ಓಆರ್‌ಎಸ್ ಕೊಡಿ. ಮಾತು ತೊದಲಿದರೆ ಮೈಗೆ ನೀರು ಹಾಕಿ, ಗಾಳಿ ಬೀಸುತ್ತಾ ಆಂಬುಲೆನ್ಸ್‌ಗಾಗಿ 998ಕ್ಕೆ ಕರೆ ಮಾಡಿ.

ಝುಹರ್ ವೇಳೆಗೆ ಕುಡಿಯುವಷ್ಟೇ ನೀರು ಉಳಿದಿದೆಯೇ? ಹತ್ತಿರ ಬೇರೆ ನೀರಿಲ್ಲದಿದ್ದರೆ ಅದನ್ನು ವುಝೂಗೆ ಖರ್ಚು ಮಾಡಬೇಕಿಲ್ಲ. ಶುದ್ಧ ಮಣ್ಣಿನಿಂದ ತಯಮ್ಮುಮ್ ಮಾಡಿ ನಮಾಝ್ ನಿರ್ವಹಿಸಿ. ಜೀವರಕ್ಷಣೆಗಾಗಿ ಧರ್ಮ ನೀಡಿದ ರಿಯಾಯಿತಿಯಿದು.

ಮಳೆಯ ಮುನ್ಸೂಚನೆಯಿದ್ದರೆ ಹೊರಡಲೇಬೇಡಿ. ದೂರದ ಬೆಟ್ಟದಲ್ಲಿ ಸುರಿದ ಮಳೆಯೂ ಒಣಗಿದ ಕಣಿವೆಗೆ ಪ್ರವಾಹವಾಗಿ ನುಗ್ಗುತ್ತದೆ.